ಇಪ್ಪತ್ತು ವರ್ಷದ ಕೀವುಗಾಯವನ್ನು ಮೂಲವ್ಯಾಧಿ ಎಂದು ನಂಬಿ ಕೂರಬೇಡಿ

ನಮ್ಮಣ್ಣ ಗಂಗಾವತಿಯ ಅಕ್ಕಿ ಗಿರಣಿಗಳ ಲೋಡು ಸಾಗಿಸುವ ಲಾರಿ ಚಾಲಕರು. ಗುದದ್ವಾರದ ಪಕ್ಕದಲ್ಲಿ ಅವರಿಗೆ ಮೊದಲ ಕುರು ಎದ್ದು 22 ವರ್ಷಗಳಾದವು. ಅದು ಒಡೆದು ಮಾಯುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತಿತ್ತು. ಸೀಟಿನ ಮೇಲೆ ಮಡಚಿದ ಟವೆಲ್ ಹಾಕಿ, ಒಂದು ಮಗ್ಗುಲಿಗೆ ವಾಲಿ ಕುಳಿತು ಲಾರಿ ಓಡಿಸುತ್ತಿದ್ದ ಅವರು, ಮನೆಗೆ ಬಂದ ರಾತ್ರಿ ಆ ಟವೆಲನ್ನು ಅತ್ತಿಗೆಯ ಕೈಗೂ ಕೊಡದೆ ತಾವೇ ಬಚ್ಚಲಲ್ಲಿ ಒಗೆದುಕೊಳ್ಳುತ್ತಿದ್ದರು.

ಒಬ್ಬರು ಮೂಲವ್ಯಾಧಿ ಎಂದರು, ಇನ್ನೊಬ್ಬರು ಭಗಂದರ, ಅಂದರೆ ಗುದದ ಪಕ್ಕ ಕೀವು ಸೋರುವ ನಾಳವೆಂದು ಅದಕ್ಕೆ ದಾರ ಕಟ್ಟಿದರು. ಬಹಳ ವರ್ಷಗಳ ನಂತರ ಚರ್ಮರೋಗ ವೈದ್ಯರೊಬ್ಬರು ಕಂಕುಳಿನ ಹಳೆಯ ಕಲೆಗಳನ್ನೂ ನೋಡಿ, ಇದು ಹೈಡ್ರಾಡೆನೈಟಿಸ್ ಸಪ್ಪುರೇಟಿವಾ, ಕೂದಲಿನ ಬುಡದಲ್ಲಿ ಉರಿಯೂತವಾಗಿ ಚರ್ಮದಡಿ ಸುರಂಗ ಕೊರೆಯುವ ಕಾಯಿಲೆ, ಕೊಳಕಿನಿಂದ ಬರುವುದಲ್ಲ, ಅಂಟುವುದೂ ಇಲ್ಲ ಎಂದು ವಿವರಿಸಿ, ಬೀಡಿ ಬಿಡಲು ಹೇಳಿದರು. ದಶಕಗಳ ಕಾಲ ಮಾಯದ ಇಂತಹ ಗಾಯ ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗಬಹುದು, ಅದೂ ಹೆಚ್ಚಾಗಿ ಗಂಡಸರಲ್ಲಿ, ಪೃಷ್ಠ ಮತ್ತು ಗುದದ ಸುತ್ತಲೇ ಎಂಬುದು ಮಾತ್ರ ನಮಗೆ ಆಗ ತಿಳಿಯಲಿಲ್ಲ.

ಕಳೆದ ವರ್ಷ ಗಾಯದ ಅಂಚು ಗಟ್ಟಿಯಾಗಿ, ಹೂಕೋಸಿನಂತೆ ಮಾಂಸ ಬೆಳೆದು, ಮುಟ್ಟಿದರೆ ರಕ್ತ ಬರತೊಡಗಿತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೇಲಿನಿಂದ ಒಂದೇ ಒಂದು ಚೂರು ತೆಗೆದು ಪರೀಕ್ಷಿಸಿ, ಕ್ಯಾನ್ಸರ್ ಇಲ್ಲವೆಂದು ವರದಿ ಕೊಟ್ಟರು. ಆ ಕಾಗದವನ್ನು ನೆಂಟರಿಗೆಲ್ಲ ತೋರಿಸಿದವನು ನಾನೇ, ಅದನ್ನು ನಂಬಿ ಬರೀ ಡ್ರೆಸ್ಸಿಂಗಿನಲ್ಲಿ ಆರು ತಿಂಗಳು ಕಳೆದದ್ದೂ ನಾವೇ. ತೊಡೆಸಂದಿಯಲ್ಲಿ ಗಂಟು ಕಾಣಿಸಿದ ಮೇಲೆ ಬೆಂಗಳೂರಿಗೆ ಹೋದೆವು. ಅಲ್ಲಿ ಎಂಆರ್‌ಐ ಮಾಡಿ, ಹಲವು ಜಾಗಗಳಿಂದ ಆಳದ ತುಣುಕುಗಳನ್ನು ತೆಗೆದಾಗ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರ್ ಎಂಬುದು ಖಚಿತವಾಯಿತು, ತೊಡೆಸಂದಿಯ ಗಂಟಿಗೂ ಹರಡಿತ್ತು. ಸುತ್ತಲಿನ ಮಾಂಸವನ್ನು ಅಗಲವಾಗಿ ಕತ್ತರಿಸಿ ತೆಗೆದಿದ್ದಾರೆ. ಮಲ ಈಗ ಹೊಟ್ಟೆಯ ಮೇಲೆ ಅಂಟಿಸಿದ ಚೀಲಕ್ಕೆ ಬರುತ್ತದೆ.

ಹಳೆಯ ಗಾಯದ ನೋವು, ವಾಸನೆ ಅಥವಾ ಆಕಾರ ಬದಲಾದರೆ ದಯವಿಟ್ಟು ತಡಮಾಡಬೇಡಿ. ಬಯಾಪ್ಸಿಗೆ, ಅಂದರೆ ಪರೀಕ್ಷೆಗೆ, ಚೂರುಗಳನ್ನು ಎಷ್ಟು ಕಡೆಯಿಂದ, ಎಷ್ಟು ಆಳದಿಂದ ತೆಗೆದಿರಿ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ. ವರದಿ ಚೆನ್ನಾಗಿ ಬಂದರೂ ಗಾಯ ಬೆಳೆಯುತ್ತಲೇ ಇದ್ದರೆ ಮತ್ತೊಮ್ಮೆ ಮಾಡಿಸಿ. ಅಣ್ಣನ ಜೊತೆಗೆ ಲಾರಿ ಓಡಿಸುತ್ತಿದ್ದ ಕಾರಟಗಿಯವರೊಬ್ಬರು ಸಹ ಸೀಟಿಗೆ ಟವೆಲ್ ಹಾಸಿಕೊಳ್ಳುತ್ತಾರಂತೆ. ಅಣ್ಣ ವಾರ್ಡಿನಿಂದಲೇ ಅವರಿಗೆ ಎರಡು ಸಲ ಫೋನು ಮಾಡಿದ್ದಾರೆ, ಬರುವ ಸೋಮವಾರ ಅವರನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ.