ಎಚ್ಚರ: ‘ಡ್ರೈವರ್ ಬಿಲ್ಡ್ ಎರರ್ ಕ್ಲಿಯರ್ ಮಾಡಿಕೊಡ್ತೀವಿ’ ಅನ್ನುವವರು

ಲಿನಕ್ಸ್ ಕರ್ನಲ್ (ಸಿಸ್ಟಮ್‌ನ ತಿರುಳು) ಅಪ್‌ಗ್ರೇಡ್ ಆದಮೇಲೆ ಹಳೇ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಕೋಡ್) ಬಿಲ್ಡ್ ಆಗುತ್ತಿಲ್ಲ, ಯಾರಿಗಾದರೂ ದುಡ್ಡು ಕೊಟ್ಟು ಸರಿಮಾಡಿಸೋಣ ಅಂತ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ. ನನಗೆ ಹಾಕಿದ ಟೋಪಿಯನ್ನು ಇನ್ನೊಬ್ಬರಿಗೂ ಹಾಕುವುದು ಬೇಡ.

ನಮ್ಮಲ್ಲಿ ಒಂದು ಹಳೇ ಪಿಸಿಐ ಕಾರ್ಡ್ ಇದೆ. ಸೆನ್ಸರ್ ರೀಡಿಂಗ್ ತೆಗೆದುಕೊಂಡು ಡಿಎಂಎ ಮೂಲಕ, ಅಂದರೆ ಸಿಪಿಯು ಕೈ ಹಾಕದೆ ನೇರವಾಗಿ, ಮೆಮೊರಿಗೆ ಹಾಕುತ್ತದೆ. ಡ್ರೈವರ್ ಕರ್ನಲ್ ಟ್ರೀ (ಕರ್ನಲ್‌ನ ಅಧಿಕೃತ ಸೋರ್ಸ್) ಒಳಗಿಲ್ಲ, ಕಾರ್ಡ್ ಮಾಡಿದವರು ಸಪೋರ್ಟ್ ನಿಲ್ಲಿಸಿ ಎಷ್ಟೋ ಕಾಲವಾಯಿತು. ಉಬುಂಟು 20.04ರ 5.4 ಕರ್ನಲ್ ಮೇಲೆ ತಕರಾರಿಲ್ಲದೆ ಓಡುತ್ತಿತ್ತು. 24.04ಕ್ಕೆ ಹೋದೆವು, ಕರ್ನಲ್ 6.8 ಆಯಿತು, ಬಿಲ್ಡ್ ಮಾಡುವ ಮೇಕ್ ಕಮಾಂಡ್ ಕೊಟ್ಟರೆ ಪರದೆ ತುಂಬ ಎರರ್.

ಇದರಲ್ಲಿ ವಿಶೇಷವೇನೂ ಇಲ್ಲ ಬಿಡಿ. ಕರ್ನಲ್ ಒಳಗಿನ ಎಪಿಐ (ಡ್ರೈವರ್‌ಗಳು ಬಳಸುವ ಫಂಕ್ಷನ್‌ಗಳು) ಹಾಗೇ ಉಳಿಯುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ. 5.6ರಲ್ಲಿ ಐಓರೀಮ್ಯಾಪ್_ನೋಕ್ಯಾಶ್ ಅನ್ನೋ ಫಂಕ್ಷನ್ ಹೋಯಿತು, ಪ್ರಾಕ್ ಫೈಲ್‌ಗಳಿಗೆ (ಕರ್ನಲ್ ಒಳಗಿನ ಮಾಹಿತಿ ತೋರಿಸುವ ಫೈಲ್‌ಗಳು) ಪ್ರಾಕ್_ಆಪ್ಸ್ ಅನ್ನೋ ಬೇರೆ ಸ್ಟ್ರಕ್ಟ್ (ಓಪನ್, ರೀಡ್ ಮುಂತಾದ ಫಂಕ್ಷನ್‌ಗಳ ಪಟ್ಟಿ) ಬಂತು. 5.18ರಲ್ಲಿ ಡಿಎಂಎಗೆ ಮೆಮೊರಿ ಕೊಡುವ ಪಿಸಿಐ_ಅಲಾಕ್_ಕನ್ಸಿಸ್ಟೆಂಟ್ ಮತ್ತು ಅದರ ಜೊತೆಗಾರರನ್ನು ಕಿತ್ತುಹಾಕಿದರು. 6.4ರಲ್ಲಿ ಕ್ಲಾಸ್_ಕ್ರಿಯೇಟ್‌ಗೆ ಒಂದು ಆರ್ಗ್ಯುಮೆಂಟ್ ಕಡಿಮೆ ಆಯಿತು. ಗೊತ್ತಿರುವವರು ಕೂತರೆ ಮುಗಿಯುವ ಕೆಲಸ. ನಮಗೆ ಬೇರೆ ಕೆಲಸ ತಲೆಮೇಲಿತ್ತು, ಹೊರಗೆ ಕೊಟ್ಟೆವು.

ಕೆಲಸ ಹಿಡಿದ ಆಸಾಮಿ ತಮ್ಮನ್ನು ‘ಕರ್ನಲ್ ಎಕ್ಸ್‌ಪರ್ಟ್’ ಅಂತ ಕರೆದುಕೊಳ್ಳುತ್ತಾರೆ. ಹೆಸರು ಹಾಕಲ್ಲ. ಬೇಗನೇ ಬಿಲ್ಡ್ ಲಾಗ್ ಕಳಿಸಿದರು. ಒಂದೂ ಎರರ್ ಇಲ್ಲ. ಒಂದೇ ಒಂದು ವಾರ್ನಿಂಗ್ ಕೂಡ ಇಲ್ಲ. ಮಾಡ್ಯೂಲ್ ಲೋಡ್ ಆಯಿತು, ಡಿವೈಸ್ ನೋಡ್ ಬಂತು. ದುಡ್ಡು ಪೂರ್ತಿ ಕೊಟ್ಟಾಯಿತು.

ಆಮೇಲೆ ರೀಡಿಂಗ್ ನೋಡಿದರೆ ಸೊನ್ನೆ. ಎಲ್ಲಾ ಚಾನೆಲ್ ಸೊನ್ನೆ. ಕೇಬಲ್ ಬದಲಾಯಿಸಿದೆವು, ಸ್ಲಾಟ್ ಬದಲಾಯಿಸಿದೆವು, ಸೆನ್ಸರ್ ಬಿಚ್ಚಿ ನೋಡಿದೆವು. ಬಿಲ್ಡ್ ಲಾಗ್ ಅಷ್ಟು ಕ್ಲೀನ್ ಆಗಿದೆಯಲ್ಲ, ಡ್ರೈವರ್ ಮೇಲೆ ಅನುಮಾನ ಹೇಗೆ ಬರಬೇಕು? ಅದೇ ಲಾಗ್ ತೋರಿಸಿ ಹಾರ್ಡ್‌ವೇರ್ ಟೀಮಿನವರ ಜೊತೆ ಎಲ್ಲರೆದುರು ವಾದ ಮಾಡಿದ್ದು ನೆನಪಾದರೆ ಈಗಲೂ ಮುಖ ಎಲ್ಲಿಟ್ಟುಕೊಳ್ಳಲಿ ಅನಿಸುತ್ತದೆ.

ಕೊನೆಗೆ ಕರ್ನಲ್ ಲಾಗ್ ತೆಗೆದರೆ ಐಓಎಂಎಂಯು (ಕಾರ್ಡ್‌ಗಳು ಅನುಮತಿ ಇಲ್ಲದ ಮೆಮೊರಿ ಮುಟ್ಟದಂತೆ ತಡೆಯುವ ಹಾರ್ಡ್‌ವೇರ್) ಫಾಲ್ಟ್‌ಗಳು ಸಾಲುಸಾಲಾಗಿ ಬಿದ್ದಿವೆ. ಫಾಲ್ಟ್ ಆದ ವಿಳಾಸ 0. ನಮ್ಮ ಕಾರ್ಡ್ 0ನೇ ವಿಳಾಸಕ್ಕೆ ಬರೆಯೋಕೆ ಹೋಗುತ್ತಿದೆ!

ಆಗ ಸೋರ್ಸ್ ತೆರೆದೆ. ಕಾಂಪ್ಯಾಟ್ ಅಂತ ಹೊಸ ಹೆಡರ್ ಫೈಲ್ ಒಂದನ್ನು ಸೇರಿಸಿದ್ದಾರೆ. ಅದರಲ್ಲಿ ಪಿಸಿಐ_ಅಲಾಕ್_ಕನ್ಸಿಸ್ಟೆಂಟ್ ಅನ್ನುವ ಹೆಸರಿಗೆ ಒಂದು ಮ್ಯಾಕ್ರೋ, ಅಂದರೆ ಆ ಹೆಸರು ಬಂದಲ್ಲೆಲ್ಲ ಬೇರೆ ಕೋಡ್ ಹಾಕುವ ಸಾಲು. ಮ್ಯಾಕ್ರೋ ಒಳಗೆ ಏನಿದೆ? ಬರೀ ಕೆಝಡ್‌ಅಲಾಕ್, ಅಂದರೆ ಡಿಎಂಎಗೆ ಸಂಬಂಧವೇ ಇಲ್ಲದ ಮಾಮೂಲಿ ಮೆಮೊರಿ ಕೊಡುವ ಫಂಕ್ಷನ್. ಅಷ್ಟೇ! ಕೊನೆಯ ಆರ್ಗ್ಯುಮೆಂಟ್, ಅಂದರೆ ಕಾರ್ಡಿಗೆ ಹೇಳಬೇಕಾದ ಡಿಎಂಎ ವಿಳಾಸ ತುಂಬುವ ಜಾಗ, ಅದನ್ನು ಮುಟ್ಟಿಯೇ ಇಲ್ಲ. ಅದು ಸೊನ್ನೆಯಾಗೇ ಉಳಿದು, ಸೊನ್ನೆಯೇ ಕಾರ್ಡಿಗೆ ಹೋಯಿತು. ಇತ್ತ ಕೆಝಡ್‌ಅಲಾಕ್ ಬಫರ್ ತುಂಬ ಸೊನ್ನೆ ತುಂಬಿಸಿಯೇ ಕೊಡುತ್ತದೆ. ಸೊನ್ನೆ ಎಲ್ಲಿಂದ ಬಂತು ಅಂತ ನಾವು ಸೆನ್ಸರ್ ಬಿಚ್ಚಿದ್ದೆವಲ್ಲ, ತುಂಬಿಸಿದವರು ಇವರು!

ಅದರ ಕೆಳಗಿನ ಸಾಲು ಇನ್ನೂ ಚೆಂದ. ಡಿಎಂಎ ಮಾಸ್ಕ್ (ಕಾರ್ಡ್ ಯಾವ ವಿಳಾಸದವರೆಗೆ ಮುಟ್ಟಬಲ್ಲದು ಅನ್ನುವ ಮಿತಿ) ಸೆಟ್ ಮಾಡುವ ಫಂಕ್ಷನ್ ಜಾಗದಲ್ಲಿ ಬರೀ 0. ಅಂದರೆ ಏನೂ ಮಾಡದೆ ‘ಆಯಿತು’ ಅನ್ನುವ ಉತ್ತರ. ಬಿಲ್ಡ್ ಹೇಗೆ ಮಾಡಬೇಕು ಅಂತ ಹೇಳುವ ಮೇಕ್‌ಫೈಲ್‌ನಲ್ಲಿ ಪಾಯಿಂಟರ್ ಟೈಪ್ ತಾಳೆಯಾಗದಿದ್ದರೆ ಎರರ್ ಕೊಡುವುದನ್ನು ಹೆಸರು ಹಿಡಿದು ಆಫ್ ಮಾಡಿದ್ದಾರೆ, ಯಾಕೆಂದರೆ ಪ್ರಾಕ್_ಆಪ್ಸ್ ಕೊಡಬೇಕಾದ ಕಡೆ ಹಳೇ ಫೈಲ್_ಆಪರೇಶನ್ಸ್ ಸ್ಟ್ರಕ್ಟನ್ನೇ ಹಾಗೇ ತುರುಕಿದ್ದಾರೆ. ಎರಡರ ಒಳಗಿನ ಕ್ರಮ ಬೇರೆ. ಓಪನ್ ಇರಬೇಕಾದ ಜಾಗದಲ್ಲಿ ಎಲ್‌ಸೀಕ್ ಕೂತಿದೆ. ಪ್ರಾಕ್ ಫೈಲನ್ನು ಕ್ಯಾಟ್ ಮಾಡಿದ (ತೆರೆದು ಓದಿದ) ಕೂಡಲೇ ಕರ್ನಲ್ ಊಪ್ಸ್, ಅಂದರೆ ಕರ್ನಲ್ ಒಳಗೇ ಗಂಭೀರ ಎರರ್.

ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ಸರಿಯಾದ ಫಿಕ್ಸ್ ಒಂದೇ ಸಾಲು. ಡಿಎಂಎ_ಅಲಾಕ್_ಕೊಹೆರೆಂಟ್ ಹಾಕಿ, ಪಿಸಿಐ ಡಿವೈಸ್ ಬದಲು ಅದರೊಳಗಿನ ಡಿವೈಸ್ ಪಾಯಿಂಟರ್ ಕೊಟ್ಟು, ಕೊನೆಗೆ ಮೆಮೊರಿ ಹೇಗೆ ಕೊಡಬೇಕು ಅಂತ ಹೇಳುವ ಜಿಎಫ್‌ಪಿ ಫ್ಲ್ಯಾಗ್ ಸೇರಿಸಿದರೆ ಮುಗಿಯಿತು. ಮೋಸದ ಮ್ಯಾಕ್ರೋ ಬರೆಯೋಕೆ ಇದಕ್ಕಿಂತ ಜಾಸ್ತಿ ಕಷ್ಟಪಟ್ಟಿದ್ದಾರೆ!

ಕೇಳಿದ್ದಕ್ಕೆ ಬಂದ ಉತ್ತರಗಳನ್ನೂ ಓದಿ. ಮೊದಲು, ‘ಸರ್, ನನ್ನ ಮೆಷಿನ್‌ನಲ್ಲಿ ಸರಿಯಾಗೇ ಇದೆ.’ ಅವರ ಹತ್ತಿರ ಆ ಕಾರ್ಡೇ ಇಲ್ಲ! ಅದನ್ನು ಹೇಳಿದ್ದಕ್ಕೆ, ‘ನಿಮ್ಮ ಹಾರ್ಡ್‌ವೇರ್ ಹಳೇದು ಸರ್, ಚೆಕ್ ಮಾಡಿಸಿ.’ ಫಾಲ್ಟ್ ಲಾಗ್ ಕಳಿಸಿದೆ. ‘ಐಓಎಂಎಂಯು ಆಫ್ ಮಾಡಿ ಬೂಟ್ ಮಾಡಿ, ಆ ಮೆಸೇಜ್ ಬರಲ್ಲ.’ ಹೌದಪ್ಪಾ, ಬರಲ್ಲ. ಆಗ ಕಾರ್ಡ್ ನೇರವಾಗಿ ಫಿಸಿಕಲ್ ಮೆಮೊರಿಯ ಬುಡಕ್ಕೇ ಬರೆಯುತ್ತದೆ, ತಡೆಯೋಕೆ ಯಾರೂ ಇರಲ್ಲ. ಇದನ್ನು ಹೇಳುವವರು ಕರ್ನಲ್ ಎಕ್ಸ್‌ಪರ್ಟ್! ಕಟ್ಟಕಡೆಗೆ ನಿಜ ಬಾಯಿಗೆ ಬಂತು: ‘ಬಿಲ್ಡ್ ಎರರ್ ತೆಗೆಯೋದು ಅಂತ ತಾನೇ ಮಾತಾಗಿದ್ದು? ಬಿಲ್ಡ್ ಆಗ್ತಿದೆ. ರನ್‌ಟೈಮ್ ಪ್ರಾಬ್ಲಂ ಬೇರೆ ಕೆಲಸ, ಅದಕ್ಕೆ ಬೇರೆ ಚಾರ್ಜ್.’

ಬೇರೆ ಚಾರ್ಜ್ ಅಂತೆ.

ಲಾಗ್ ನೋಡಿ ದುಡ್ಡು ಕೊಡಬೇಡಿ, ಡಿಫ್ (ಕೋಡ್‌ನಲ್ಲಿ ಏನೇನು ಬದಲಾಗಿದೆ ಅನ್ನುವ ಪಟ್ಟಿ) ಕೇಳಿ. ಅದರಲ್ಲೂ ಮೇಕ್‌ಫೈಲ್ ಮೊದಲು ನೋಡಿ. ವಾರ್ನಿಂಗ್ ಆಫ್ ಮಾಡುವ ಫ್ಲ್ಯಾಗ್ ಸೇರಿದ್ದರೆ ಅಲ್ಲೇ ನಿಲ್ಲಿಸಿ. ಸಿಂಬಲ್ (ಕರೆದ ಫಂಕ್ಷನ್‌ನ ಹೆಸರು) ಕರ್ನಲ್‌ನಲ್ಲಿ ಸಿಗದಿದ್ದರೂ ಬಿಲ್ಡ್ ಮುಂದುವರಿಸುವ ಕೆಬಿಲ್ಡ್_ಮಾಡ್‌ಪೋಸ್ಟ್_ವಾರ್ನ್ ಹಾಕಿದ್ದರೂ ಅಷ್ಟೇ, ಬಿಲ್ಡ್ ಆಗುತ್ತದೆ, ಲೋಡ್ ಮಾಡುವಾಗ ‘ಅನ್‌ನೋನ್ ಸಿಂಬಲ್’ ಅಂತ ಕೈಕೊಡುತ್ತದೆ. ಕಾಂಪ್ಯಾಟ್ ಹೆಡರ್ ಇದ್ದರೆ ಪ್ರತಿ ಮ್ಯಾಕ್ರೋ ಓದಿ. ಬಿಲ್ಡ್ ಅಲ್ಲ, ಡೇಟಾ ಬರಬೇಕು ಅಂತ ಮೊದಲೇ ಬರವಣಿಗೆಯಲ್ಲಿ ಹಾಕಿಸಿಕೊಳ್ಳಿ, ಇಲ್ಲಾಂದ್ರೆ ‘ಅದು ಬೇರೆ ಕೆಲಸ’ ಅಂತಾರೆ.

ಸರಿಯಾದ ಪ್ಯಾಚನ್ನು ನಮ್ಮ ಟೀಮಿನವರೇ ಬರೆದರು, ರೀಡಿಂಗ್ ಬರುತ್ತಿದೆ. ದುಡ್ಡು ವಾಪಸ್ ಕೇಳಿ ಹಾಕಿದ ಮೆಸೇಜ್‌ಗೆ ನೀಲಿ ಟಿಕ್ ಬಿದ್ದಿದೆ. ಉತ್ತರ ಇಲ್ಲ.