ಹಾಸನದಲ್ಲಿ ಕೂತು ಜಪಾನೀಸ್: ಮೈನರ್, ಆ್ಯಪ್, ಭಾನುವಾರದ ಕ್ಲಾಸು

ಜಪಾನೀಸನ್ನು ಮೂರು ದಾರಿಯಲ್ಲಿ ಕಲಿತು ನೋಡಿದ್ದೇನೆ. ಡಿಗ್ರಿ ಓದುವಾಗ ಮೈನರ್ ಆಗಿ, ಅಂದರೆ ಮುಖ್ಯ ವಿಷಯದ ಜೊತೆಗಿನ ಎರಡನೇ ವಿಷಯವಾಗಿ, ತಗೊಂಡೆ. ಜೊತೆಗೆ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಕೊನೆಗೆ ಐದು ತಿಂಗಳು ಪ್ರತಿ ಭಾನುವಾರ ಬೆಂಗಳೂರಿನ ಕ್ಲಾಸಿಗೆ ಹೋಗಿ ಬಂದೆ. ಜೂನಿಯರ್‌ಗಳು ಸಿಕ್ಕಾಗೆಲ್ಲ "ಯಾವುದು ಒಳ್ಳೇದು ಅಕ್ಕ?" ಅಂತ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆ್ಯಪ್ ವಿಷಯ ಬೇಗ ಮುಗಿಯುತ್ತದೆ. ಅಕ್ಷರ ಕಲಿಯೋಕೆ ಅದು ತುಂಬಾ ಒಳ್ಳೇದು. ಜಪಾನೀಸಿನ ಎರಡು ಅಕ್ಷರಮಾಲೆಗಳಲ್ಲಿ ಹಿರಗಾನ 46, ಕತಕಾನ 46. ಸಿಟಿ ಬಸ್ಸಿನಲ್ಲಿ ಹೋಗ್ತಾ ಬರ್ತಾ ಮೂರು ವಾರದಲ್ಲಿ ಎರಡೂ ಬಂದವು. ಆಮೇಲೆ ಅದೇ ವಾಕ್ಯ, ಅದೇ ಸೇಬು, ಅದೇ ನೀರು. ಯಾಕೆ ಹೀಗೆ ಅಂತ ಅದು ಹೇಳುವುದೇ ಇಲ್ಲ.

ಮೈನರ್ ಕ್ಲಾಸ್ ವಾರಕ್ಕೆ ಎರಡು ದಿನ ಇರುತ್ತಿತ್ತು. ಸೆನ್ಸೇ (ಗುರುಗಳು) ಅಂತಲೇ ಕರೆಯುತ್ತಿದ್ದೆವು ಮೇಡಂನ. ಅಕ್ಷರದ ಗೆರೆ ಯಾವ ಕಡೆಯಿಂದ ಎಳೆಯಬೇಕು ಅನ್ನುವುದನ್ನು ಪಕ್ಕದಲ್ಲಿ ನಿಂತು ತಿದ್ದುತ್ತಿದ್ದರು. ಇದು ಆ್ಯಪ್‌ನಲ್ಲಿ ಸಿಗಲಿಲ್ಲ. ಆದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಪದದ ಕೊನೆಗೆ ಹತ್ತುವ 'ನಿ' ಅಂದರೆ ಟು, ಕೆಲವು ಸಲ ಅಟ್, ಕೆಲವು ಸಲ ಇನ್. 'ದೆ' ಅಂದರೆ ಬೈ, ಅದೂ ಇನ್. ಮೊದಲ ಸೆಮಿಸ್ಟರ್ ಪೂರ್ತಿ ತಲೆ ಕೆಟ್ಟುಹೋಗಿತ್ತು.

ಒಂದು ಸಂಜೆ ಮಹಾರಾಜ ಪಾರ್ಕಿನಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. 'ವತಶಿ ವ ಹಾಸನ್ ಕರ ಬೆಂಗಳೂರು ನಿ ದೆನ್ಶ ದೆ ಇಕಿಮಸ್' ಅನ್ನುವ ವಾಕ್ಯ. ಸುಮ್ನೆ ಅದರ ಕೆಳಗೆ ಕನ್ನಡ ಬರೆದೆ: 'ನಾನು ಹಾಸನ-ದಿಂದ ಬೆಂಗಳೂರಿ-ಗೆ ರೈಲಿ-ನಲ್ಲಿ ಹೋಗ್ತೀನಿ.' ಒಂದು ಪದವನ್ನೂ ಆಚೀಚೆ ಮಾಡಬೇಕಾಗಲಿಲ್ಲ. 'ಕರ' ಅಂದರೆ ಇಂದ, 'ನಿ' ಅಂದರೆ ಗೆ, 'ದೆ' ಅಂದರೆ ಅಲ್ಲಿ. ಪ್ರೈಮರಿಯಲ್ಲಿ ಕಲಿತ ವಿಭಕ್ತಿ ಪ್ರತ್ಯಯಗಳೇ ಅಲ್ವಾ ಇವು!

ಅವತ್ತೇ ಒಂದು ಬೇರೆ ನೋಟ್‌ಬುಕ್ ಶುರು ಮಾಡಿದೆ. ಎಡಗಡೆ ಜಪಾನೀಸ್, ಬಲಗಡೆ ಕನ್ನಡ, ಮಧ್ಯೆ ಇಂಗ್ಲಿಷ್ ಇಲ್ಲ. 'ಮಿರು' ಅಂದರೆ ನೋಡು. 'ತಬೆತೆ ಮಿರು' ಅಂದರೆ ತಿಂದು ನೋಡು. 'ಒಕು' ಅಂದರೆ ಇಡು. 'ಕಇತೆ ಒಕು' ಅಂದರೆ ಬರೆದಿಡು. ಕ್ಲಾಸಿನಲ್ಲಿ ಇವುಗಳಿಗೆ ಒಂದೊಂದು ಪುಟ ವಿವರಣೆ ಬರೆಸಿದ್ದರು. ನಮಗೆ ಮನೆಯಲ್ಲಿ ಆಡುವ ಮಾತೇ ಸಾಕು. ಅಣ್ಣ, ತಮ್ಮ, ಅಕ್ಕ, ತಂಗಿಗೂ ಅವರಲ್ಲಿ ಬೇರೆ ಬೇರೆ ಪದ ಇವೆ. 'ಒಬ್ಬರು, ಇಬ್ಬರು' ಅನ್ನುವ ಹಾಗೆ ಜನರನ್ನು ಎಣಿಸೋಕೆ 'ಹಿತೊರಿ, ಫುತರಿ' ಇದೆ.

ಕನ್ನಡ ಕೈಕೊಡುವ ಜಾಗಗಳೂ ಇವೆ. ಯಾರ ಬಗ್ಗೆ, ಯಾವುದರ ಬಗ್ಗೆ ಮಾತು ಅಂತ ತೋರಿಸೋಕೆ ಪದಕ್ಕೆ ಹತ್ತುವ 'ವ' ಎಲ್ಲಿ, 'ಗ' ಎಲ್ಲಿ ಅನ್ನುವುದಕ್ಕೆ ನಮ್ಮಲ್ಲಿ ನೇರ ಜೋಡಿ ಇಲ್ಲ. ಹೋಗ್ತೀನಿ, ಹೋಗ್ತೀಯ, ಹೋಗ್ತಾಳೆ ಎಲ್ಲಕ್ಕೂ ಒಂದೇ 'ಇಕಿಮಸ್' ಅನ್ನುವುದು ನನಗೆ ಅಭ್ಯಾಸ ಆಗೋಕೆ ತಿಂಗಳುಗಟ್ಟಲೆ ಬೇಕಾಯಿತು. ಚೀನಾದಿಂದ ಬಂದ ಚಿತ್ರದಂಥ ಅಕ್ಷರ ಕಾಂಜಿಗಂತೂ ಅಡ್ಡದಾರಿ ಇಲ್ಲ, ದಿನಾ ಬರೆಯಲೇಬೇಕು.

ಮೈನರ್‌ನಲ್ಲಿ ನನಗೆ ಬೇಜಾರಾಗಿದ್ದು ಪರೀಕ್ಷೆ. ಜಪಾನೀಸ್ ಉತ್ತರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ನಡೆಯುತ್ತಿತ್ತು. ಒಳ್ಳೆ ಅಂಕ ತಗೊಂಡ ಗೆಳತಿಯರಿಗೆ ಎರಡನೇ ವರ್ಷದಲ್ಲೂ ಹಿರಗಾನ ಓದೋಕೆ ಬರುತ್ತಿರಲಿಲ್ಲ. ಇದು ಮಕ್ಕಳಿಗೆ ಮಾಡುವ ಅನ್ಯಾಯ. ಇನ್ನೊಂದು, ಎರಡು ವರ್ಷದಲ್ಲಿ ಕ್ಲಾಸಿನಲ್ಲಿ ಆಡಿಯೊ ಹಾಕಿದ್ದು ಎರಡೇ ಸಲ.

ಆಡಿಯೊ ಯಾಕೆ ಮುಖ್ಯ ಅಂದರೆ, ಜಪಾನೀಸ್ ಎಷ್ಟು ಬರುತ್ತದೆ ಅಂತ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯ ಎನ್5 ಅನ್ನುವ ಮೊದಲ, ಸುಲಭದ ಹಂತದಲ್ಲಿ ಒಟ್ಟು 180ಕ್ಕೆ 80 ಬಂದರೆ ಪಾಸು. ಆದರೆ ಕೇಳುವ ಭಾಗದಲ್ಲಿ 60ಕ್ಕೆ 19 ಬರಲೇಬೇಕು. ಅದು ತಪ್ಪಿದರೆ ಒಟ್ಟು ಎಷ್ಟೇ ಬಂದರೂ ಫೇಲು.

ಬೆಂಗಳೂರಿಗೆ ಹೋಗಿದ್ದು ಇದಕ್ಕೇ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ರೈಲು ಶುರುವಾದದ್ದು ನಮಗೆ ದೊಡ್ಡ ಅನುಕೂಲ. ಆದರೂ ಹೋಗೋಕೆ ಹತ್ತಿರ ಹತ್ತಿರ ಮೂರು ಗಂಟೆ, ಬರೋಕೆ ಅಷ್ಟೇ. "ಭಾನುವಾರನೂ ಮನೇಲಿ ಒಂದು ತುತ್ತು ಉಣ್ಣಲ್ವೇನೇ?" ಅಂತ ಅಮ್ಮ ಕೇಳುತ್ತಿದ್ದರು. ಫೀಸೂ ಜಾಸ್ತಿ. ಆದರೆ ಅಲ್ಲಿ ಅರ್ಧ ಕ್ಲಾಸು ಬರೀ ಕೇಳಿಸುವುದು. 'ಒಬಸನ್' ಅಂದರೆ ಅತ್ತೆ, ಚಿಕ್ಕಮ್ಮ. 'ಒಬಾಸನ್' ಅಂದರೆ ಅಜ್ಜಿ. 'ಕಿತೆ' ಅಂದರೆ ಬಂದು, 'ಕಿತ್ತೆ' ಅಂದರೆ ಅಂಚೆಚೀಟಿ. ಬಳೆ–ಬಾಳೆ, ಕತೆ–ಕತ್ತೆ ಕೇಳಿ ಬೆಳೆದ ಕಿವಿಗೆ ಈ ವ್ಯತ್ಯಾಸ ಎರಡನೇ ಸಲಕ್ಕೇ ಸಿಕ್ಕಿತು.

ಕಾಲೇಜಿನಲ್ಲಿ ಮೈನರ್ ಇದ್ದರೆ ಅದನ್ನೇ ತಗೊಳ್ಳಿ ಅಂತ ನಾನು ಹೇಳುತ್ತೇನೆ. ತಿದ್ದುವ ಗುರು, ಬಿಡದೆ ಬರುವ ಕ್ಲಾಸು, ಇವೆರಡಕ್ಕೆ ಬೇರೆ ಯಾವುದೂ ಸಮ ಅಲ್ಲ. ಸೇರುವ ಮುಂಚೆ ಆ್ಯಪ್‌ನಲ್ಲಿ ಅಕ್ಷರ ಮುಗಿಸಿಕೊಳ್ಳಿ. ಉತ್ತರ ಜಪಾನೀಸ್ ಲಿಪಿಯಲ್ಲೇ ಬರೆಯಿರಿ, ಯಾರೂ ಕೇಳದಿದ್ದರೂ. ಜೆಎಲ್‌ಪಿಟಿ ಜುಲೈನಲ್ಲೂ ಡಿಸೆಂಬರಿನಲ್ಲೂ ಇರುತ್ತದೆ, ಬೆಂಗಳೂರಿನಲ್ಲೇ ಬರೆಯಬಹುದು. ಭಾನುವಾರದ ಕ್ಲಾಸಿಗೆ ಪರೀಕ್ಷೆಗೆ ಮುಂಚಿನ ಮೂರು ತಿಂಗಳು ಮಾತ್ರ ಹೋದರೆ ಸಾಕು, ನಾನು ಎರಡು ತಿಂಗಳು ಜಾಸ್ತಿಯೇ ಓಡಾಡಿದೆ. ಕನ್ನಡದ ನೋಟ್‌ಬುಕ್ ಮಾತ್ರ ಮೊದಲ ದಿನದಿಂದಲೇ ಇಡಿ. ನನ್ನದು ಬೇಕಿದ್ದರೆ ಜೆರಾಕ್ಸ್ ಮಾಡಿಸಿಕೊಳ್ಳಿ, ಕೊಡುತ್ತೇನೆ.