ಕಲ್ಲಿನ ಸೀಲರ್: ಶಹಾಬಾದ್ ನೆಲಕ್ಕೆ ಬೇಕು, ಕಪ್ಪು ಗ್ರಾನೈಟಿಗೆ ಬೇಡ

ನಮ್ಮ ಮನೆಯಲ್ಲಿ ಮೂರು ಬಗೆಯ ಕಲ್ಲಿದೆ. ಹಾಲ್ ಮತ್ತು ಜಗಲಿಗೆ ಶಹಾಬಾದ್, ಅಡುಗೆಕಟ್ಟೆಗೆ ಕಪ್ಪು ಗ್ರಾನೈಟ್, ಶೆಲ್ಫುಗಳಿಗೆ ಕಡಪ. ಮೂರಕ್ಕೂ ಒಂದೇ ಕಂಪನಿಯ ಸೀಲರ್ (ಕಲೆ ಬೇಗ ಇಳಿಯದಂತೆ ಕಲ್ಲಿಗೆ ಹಚ್ಚುವ ದ್ರವ) ಮತ್ತು ನ್ಯೂಟ್ರಲ್ ಕ್ಲೀನರ್ (ಆಮ್ಲವೂ ಕ್ಷಾರವೂ ಅಲ್ಲದ, ಒರೆಸುವ ದ್ರವ) ಬಳಸುತ್ತಾ ವರ್ಷಗಳಾದವು. ಸೀಲರಿಗೆ ಕೊಟ್ಟ ದುಡ್ಡು ಶಹಾಬಾದ್ ಮಟ್ಟಿಗೆ ಪೂರ್ತಿ ವಸೂಲಾಗಿದೆ. ಗ್ರಾನೈಟಿನಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣಲಿಲ್ಲ.

ಕಾರಣ ಕಲ್ಲಿನ ಗುಣದಲ್ಲೇ ಇದೆ. ಚಾಮರಾಜನಗರದಿಂದ ಬರುವ ಕಪ್ಪು ಗ್ರಾನೈಟ್ ಅಸಲಿಗೆ ಡಾಲರೈಟ್ ಎಂಬ ಕಲ್ಲು. ಕಣ ಸಣ್ಣ, ಗಟ್ಟಿ ಜಾಸ್ತಿ, ನೀರು ಒಳಗೆ ಇಳಿಯುವುದೇ ಕಷ್ಟ. ಹೀಗಿರುವಾಗ ಸೀಲರ್ ಎಲ್ಲಿಗೆ ಇಳಿಯಬೇಕು, ಅಲ್ವಾ? ಕಲಬುರಗಿ ಕಡೆಯ ಶಹಾಬಾದ್ ಸುಣ್ಣಕಲ್ಲು. ಅದು ಎಣ್ಣೆ, ಕಾಫಿ ಎಲ್ಲವನ್ನೂ ಹೀರುತ್ತದೆ. ನಿಮ್ಮ ಕಲ್ಲಿಗೆ ಸೀಲರ್ ಬೇಕೋ ಬೇಡವೋ ಅಂತ ನೋಡಲು ಒಂದು ಚಮಚ ನೀರು ಸಾಕು. ಕಲ್ಲಿನ ಮೇಲೆ ಹಾಕಿ 10–15 ನಿಮಿಷ ಬಿಟ್ಟು ಒರೆಸಿ. ಆ ಜಾಗ ಕಪ್ಪಗಾಗಿದ್ದರೆ ಬೇಕು, ಇಲ್ಲದಿದ್ದರೆ ದುಡ್ಡು ಉಳಿಸಿ.

ಡಬ್ಬಿಯ ಮೇಲೆ ಬರೆದಿರುವ 'ಎಲ್ಲ ಕಲೆಗಳಿಂದ ರಕ್ಷಣೆ' ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಸೀಲರ್ ಮಾಡುವುದು ಒಂದೇ ಕೆಲಸ, ಕಲೆ ಒಳಗೆ ಇಳಿಯುವುದನ್ನು ತಡ ಮಾಡುತ್ತದೆ. ಹುಳಿಯನ್ನು ಅದು ತಡೆಯುವುದಿಲ್ಲ. ನಿಂಬೆರಸ, ಹುಣಸೆನೀರು, ವಿನೆಗರ್ ಬಿದ್ದರೆ ಸುಣ್ಣಕಲ್ಲಿನ ಮೇಲ್ಪದರವೇ ಕರಗುತ್ತದೆ. ಕಡಪವೂ ಅದೇ ಜಾತಿಯದು, ಅಮೃತಶಿಲೆಯೂ ಅಷ್ಟೇ. ಉಪ್ಪಿನಕಾಯಿ ಜಾಡಿಯ ಕೆಳಗೆ ಮಂಕಾದ ಉಂಗುರ ಕಾಣುತ್ತದಲ್ಲ, ಅದು ಕೊಳೆಯಲ್ಲ, ಕಲ್ಲು ಸವೆದ ಗುರುತು. ಎಷ್ಟು ಉಜ್ಜಿದರೂ ಹೋಗದು, ಮತ್ತೆ ಪಾಲಿಶ್ ಮಾಡಿಸಬೇಕು. ಜಾಡಿಯ ಕೆಳಗೊಂದು ತಟ್ಟೆ ಇಡುವುದು ಎಲ್ಲ ಸೀಲರಿಗಿಂತ ಮೇಲು.

ಬೋರ್‌ವೆಲ್ ನೀರಿನ ಬಿಳಿ ಪದರಕ್ಕೆ ಬಾತ್‌ರೂಮ್ ಆಸಿಡ್ ಸುರಿಯುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ದಯವಿಟ್ಟು ಬೇಡ. ಆ ಬಿಳಿ ಪದರವೂ ಸುಣ್ಣ, ಕೆಳಗಿನ ಶಹಾಬಾದ್, ಕಡಪ ಕಲ್ಲೂ ಸುಣ್ಣ. ಆಸಿಡ್ ಎರಡನ್ನೂ ತಿನ್ನುತ್ತದೆ. ಸಿಂಕಿನ ಸುತ್ತ ನೀರು ನಿಲ್ಲದ ಹಾಗೆ ಆಗಾಗ ಒಣಬಟ್ಟೆಯಲ್ಲಿ ಒರೆಸಿದರೆ ಪದರ ಕಟ್ಟುವುದೇ ಇಲ್ಲ. ಮನೆ ಕಟ್ಟಿ ಮುಗಿಸಿದವರು ಸಿಮೆಂಟ್ ಕಲೆ ತೆಗೆಯಲು ಆಸಿಡ್ ವಾಶ್ ಮಾಡುತ್ತೇವೆ ಅಂದರೂ ಶಹಾಬಾದ್ ನೆಲದ ಮೇಲೆ ಬಿಡಬೇಡಿ.

ಕ್ಲೀನರ್ ಚೆನ್ನಾಗಿದೆ, ಜಿಡ್ಡು ಉಳಿಯುವುದಿಲ್ಲ. ಆದರೆ ಒಂದು ಬಕೆಟ್ ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒರೆಸಿ, ಮೇಲೊಮ್ಮೆ ಬರೀ ನೀರಲ್ಲಿ ಒರೆಸಿದರೂ ಸುಮಾರಾಗಿ ಅದೇ ಫಲ. ನಿಂಬೆ ಅಂಶ ಇರುವ ಲಿಕ್ವಿಡ್ ಮಾತ್ರ ಬೇಡ. ಕ್ಲೀನರ್ ಮತ್ತೆ ಕೊಳ್ಳುವುದಿಲ್ಲ.

ಸೀಲರ್ ಹಚ್ಚುವುದು ಸುಲಭ, ಆದರೆ ಕಲ್ಲು ಪೂರ್ತಿ ಒಣಗಿರಬೇಕು. ಮಳೆಗಾಲದಲ್ಲಿ ಕೈ ಹಾಕಬೇಡಿ. ಹೀರದೆ ಉಳಿದದ್ದನ್ನು ಒಣಗುವ ಮೊದಲೇ ಒರೆಸದಿದ್ದರೆ ಮಬ್ಬು ಪೊರೆ ಕಟ್ಟುತ್ತದೆ. ಕಿಟಕಿ ತೆರೆದಿಡಿ, ವಾಸನೆ ಗಾಢ. ಹಳೆ ಎಣ್ಣೆ ಕಲೆ ಇದ್ದರೆ ಅದನ್ನು ಮೊದಲು ತೆಗೆಯಿರಿ, ಆಮೇಲೆ ತೆಗೆಯುವುದು ಕಷ್ಟ. ಅಡುಗೆ ಸೋಡಾವನ್ನು ನೀರಲ್ಲಿ ದಪ್ಪಗೆ ಕಲಸಿ ಕಲೆಯ ಮೇಲೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಸೋಡಾ ಲೇಪ ಒಣಗಲು ಬಿಡಿ. ಒಣಗುತ್ತಾ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ. ಹಳೆ ಕಲೆಗೆ ಎರಡು ಮೂರು ಸಲ ಬೇಕಾಗಬಹುದು.